ಪಲ್ಪರ್ ವಾಸನೆ

ಇವತ್ತು ಮಗ್ಗೆ ಊರು ದಾಟುವಾಗ ಬಸ್ಸಿನ ಕಿಟಕಿಯಿಂದ ಕೊಳೆತ ಕಾಫಿ ಸಿಪ್ಪೆಯ ಗಬ್ಬು ವಾಸನೆ ನುಗ್ಗಿತು. ನಾನು ಚಿಕ್ಕವಳಿದ್ದಾಗ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನಮ್ಮ ಮನೆಯ ಹಿಂದೆಯೇ ಇತ್ತು. ಕುಯ್ಲಿನ ಕಾಲದಲ್ಲಿ ಅವ್ವ ದಿನವಿಡೀ ಅದರ ಹ್ಯಾಂಡಲ್ ತಿರುಗಿಸುತ್ತಿದ್ದಳು. ಸೀಗೆಪುಡಿ ಹಾಕಿ ತಿಕ್ಕಿದರೂ ಆ ವಾಸನೆ ಅವಳ ಮೈ ಬಿಡುತ್ತಿರಲಿಲ್ಲ.

ಶಾಲೆಯಲ್ಲಿ ‘ನಮ್ಮ ಮನೆ’ ಪ್ರಬಂಧಕ್ಕೆ ಅದನ್ನೇ ಬರೆದೆ. ಮೇಷ್ಟ್ರು ಆ ಸಾಲು ಹೊಡೆದುಹಾಕಿ, “ಎಲ್ಲರ ಮುಂದೆ ಓದೋದು ಕಣಮ್ಮ, ಕಾಫಿಯ ಘಮ ಅಂತ ಬರಿ” ಎಂದರು. ಬರೆದೆ. ಬಹುಮಾನವೂ ಬಂತು. ಮನೆಗೆ ಓಡಿಬಂದು ಅವ್ವನಿಗೆ ಓದಿ ಹೇಳಿದೆ. ಅವಳು ಹ್ಯಾಂಡಲ್ ತಿರುಗಿಸುತ್ತಲೇ, “ಚೆನ್ನಾಗೈತೆ. ಯಾರ್ ಮನೆ ಕಣೇ ಇದು?” ಎಂದಳು.

ಮೇಷ್ಟ್ರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಾನು ಕಥೆ ಬರೆಯಲು ಕಲಿತದ್ದೇ ಆ ಸಿಟ್ಟಿನಲ್ಲಿ. ಈಗಲೂ ಪ್ರತಿ ಸಾಲನ್ನೂ ಮೂಸಿ ನೋಡಿಯೇ ಮುಂದೆ ಹೋಗುತ್ತೇನೆ.

ಬಸ್ಸು ಆಲೂರು ತಲುಪುವಷ್ಟರಲ್ಲಿ, ನಾನು ಕಥೆ ಕಳಿಸಿದ್ದ ಪತ್ರಿಕೆಯ ಸಂಪಾದಕರ ಫೋನು ಬಂತು. “ಕಥೆ ಚೆನ್ನಾಗಿದೆ ಮೇಡಂ. ಆ ಗಬ್ಬು ವಾಸನೆ ಒಂದು ತೆಗೆದು, ಸ್ವಲ್ಪ ಕಾಫಿ ಘಮ ಹಾಕಿ.”

“ಘಮ ಬೇಕಾದ್ರೆ ಮನೇಲಿ ಡಿಕಾಕ್ಷನ್ ಹಾಕ್ಕಳಿ. ಕಥೇಲಿರೋದು ನಮ್ಮವ್ವ” ಎಂದು ಫೋನಿಟ್ಟೆ.