ಬುತ್ತಿಚೀಲದ ಪಕ್ಕದ ಮೀಸೆ

ನನ್ನ ಬುತ್ತಿಚೀಲವನ್ನು ನೀವು ನೋಡಿಲ್ಲ, ಗೆಳೆಯರೇ. ನೋಡಿದ್ದರೆ ವಿಜ್ಞಾನದ ಮೇಲಿನ ನಿಮ್ಮ ಗೌರವ ತುಸು ಇಳಿಯುತ್ತಿತ್ತು. ಧಾರವಾಡದಿಂದ ನನ್ನೊಡನೆ ನಾಗಪುರದ ಹತ್ತಿ ಸಂಶೋಧನಾ ಕಚೇರಿಗೆ ಬಂದ ಆ ಬಟ್ಟೆಯ ಚೀಲದಲ್ಲಿ ಒಂದು ದಿನ ಚಪಾತಿ-ಪಲ್ಯ, ಇನ್ನೊಂದು ದಿನ ಹತ್ತಿಗಿಡಕ್ಕೆ ಕಟ್ಟುವ ಫೆರೊಮೋನಿನ ಎಳೆಗಳು ಪ್ರಯಾಣ ಮಾಡುತ್ತವೆ. "ಅದಕ್ಕ ಬ್ಯಾರೆ ಚೀಲಾ ಇಟ್ಕೋರಿ" ಎಂದು ಹೆಂಡತಿ ಹೇಳುತ್ತಲೇ ಇದ್ದಳು. ಹುಳದ ವಾಸನೆ ಮನುಷ್ಯರ ಮೂಗಿಗೆ ತಾಗುವುದಿಲ್ಲವೆಂದು ನಾನು ಪಂಡಿತನಂತೆ ನಕ್ಕಿದ್ದೆ.

ಫೆರೊಮೋನ್ ಎಂದರೆ ಹೆಣ್ಣು ಪತಂಗ ಗಂಡಿಗೆ ಗಾಳಿಯಲ್ಲಿ ಕಳಿಸುವ ಕರೆ. ಹತ್ತಿಕಾಯಿ ಕೊರೆಯುವ ಗುಲಾಬಿ ಹುಳದ ಸಂತಾನ ತಡೆಯಲು ನಾವು ಹೊಲದ ತುಂಬ ಸುಳ್ಳು ಕರೆಗಳನ್ನು ಹರಡುತ್ತೇವೆ. ಎಲ್ಲೆಲ್ಲೂ ಹೆಣ್ಣಿನ ವಾಸನೆಯೇ ಆದಮೇಲೆ ಬಡಪಾಯಿ ಗಂಡು ಯಾವ ಹೆಣ್ಣೂ ಸಿಗದೆ ಅಲೆಯುತ್ತದೆ. ಆ ವಾಸನೆ ಗಾಳಿಯಲ್ಲಿ ಸಾಕಷ್ಟು ಉಳಿದಿದೆಯೇ ಎಂದು ಅಳೆಯಲು ಗಂಡು ಪತಂಗದ, ವಾಸನೆ ಹಿಡಿಯುವ ಮೀಸೆಯೊಂದನ್ನು ಕತ್ತರಿಸಿ ಯಂತ್ರದ ಎರಡು ತಂತಿಗಳ ನಡುವೆ ಕೂರಿಸುತ್ತೇವೆ. ಒಡೆಯ ಸತ್ತರೂ, ಆ ವಾಸನೆ ಸೋಕಿದಾಗೆಲ್ಲ ಮೀಸೆ ಗಂಟೆಹೊತ್ತು ಆಸೆಯಿಂದ ಮಿಡಿಯುತ್ತದೆ, ತೆರೆಯ ಮೇಲೆ ಗೆರೆ ಏಳುತ್ತದೆ. ಇಷ್ಟು ನಿಷ್ಠಾವಂತ ನೌಕರ ನಮ್ಮ ಕಚೇರಿಯಲ್ಲಿ ಬೇರೊಬ್ಬನಿಲ್ಲ, ನನ್ನನ್ನೂ ಸೇರಿಸಿ.

ಉಮರೇಡ್ ಕಡೆಯ ಸುನಂದಾತಾಯಿಯ ಹೊಲದಲ್ಲಿ ಗೆರೆ ಬೆಟ್ಟದಷ್ಟು ಎದ್ದಿತು. "ಎಳೆಗಳು ಹಳೆಯವಾದವು, ಹೊಸವು ಕಟ್ಟಲೇ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಬೇಕಾಗಿಲ್ಲ, ಗಾಳಿಯಲ್ಲಿ ಧಾರಾಳವಾಗಿದೆ ಎಂದು ಅಪ್ಪಣೆ ಕೊಡಿಸಿ ಬಂದೆ. ವಾರದ ನಂತರ ಕಚೇರಿಯಲ್ಲಿ ಊಟಕ್ಕೆ ಚೀಲ ಬಿಚ್ಚಿದರೆ, ಮೇಜಿನ ಮೇಲಿನ ಯಂತ್ರದಲ್ಲಿ ಕೂರಿಸಿದ್ದ ಹೊಸ ಮೀಸೆ ನನ್ನ ಚಪಾತಿಯ ಗಾಳಿ ಸೋಕಿದ್ದೇ ಅದೇ ಬೆಟ್ಟವನ್ನು ಎಬ್ಬಿಸಿತು. ಹೊಲದಲ್ಲೂ ಚೀಲ ಯಂತ್ರದ ಮಗ್ಗುಲಲ್ಲೇ ಇತ್ತು. ನಾನು ಅಷ್ಟು ಗಾಂಭೀರ್ಯದಿಂದ ಅಳೆದು ಬಂದದ್ದು ನನ್ನ ಬುತ್ತಿಯನ್ನು.

ಮರುದಿನ ಬುತ್ತಿಚೀಲ ಬಿಟ್ಟು ಅದೇ ಹೊಲಕ್ಕೆ ಹೋಗಿ ಅಳೆದೆ. ಗೆರೆ ಮಲಗಿದಲ್ಲೇ ಮಲಗಿತ್ತು. 'ತಾಂತ್ರಿಕ ವ್ಯತ್ಯಯ' ಎಂಬ ಮರ್ಯಾದಸ್ಥ ಪದ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ತಪ್ಪು ನನ್ನದೇ ಎಂದೆ.

ಸುನಂದಾತಾಯಿ ಬೈಯಲಿಲ್ಲ. ಒಂದು ಕಾಯಿ ಕಿತ್ತು, ಸೀಳಿ, ನನ್ನ ಅಂಗೈಯಲ್ಲಿಟ್ಟರು. ಒಳಗೆ ಗುಲಾಬಿ ಹುಳ ನಿಧಾನವಾಗಿ ಹೊರಳಿತು.

"ಹುಳ ಹೊಕ್ಕ ಹೂವು ಅರಳದೆ ಮುದುಡಿದ್ದು ಅವತ್ತೇ ಕಂಡಿತ್ತು, ಸಾಹೇಬ," ಎಂದರು. "ನಿಮ್ಮ ಮಶೀನು ಎಲ್ಲ ಸರಿ ಇದೆ ಅಂತು. ನನ್ನ ಕಣ್ಣೇ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಾದೆ."