ನಿಂಬೆಹಣ್ಣು ಇಟ್ಟ ಗಾಡಿ

ಫ್ರೀಮಾಂಟಿನ ಚಳಿ ಬಿಟ್ಟು ಅರಿಜೋನಾದ ಬಿಸಿಲಿಗೆ ಹೋಗಲು ತಿಂಗಳಿಂದ ತಯಾರಿ ನಡೆಸಿದ್ದೆವು. ಮಂಚ, ಒಲೆ ಎಲ್ಲ ಇರುವ ಬಾಡಿಗೆಯ ಟ್ರೇಲರ್ ಇವತ್ತು ಬೆಳಿಗ್ಗೆ ನಮ್ಮ ಮನೆಯೆದುರಿನ ಇಳಿಜಾರಿನಲ್ಲಿ ನಿಂತಿತ್ತು. ಮಂಡ್ಯದಿಂದ ಬಂದಿರುವ ಅತ್ತೆ, ಪೂಜೆಯಾಗದೆ ಹೊರಡಕೂಡದು ಎಂದು ಅದರ ಮುಂದೆ ನಿಂತು ಕುಂಕುಮ ಹಚ್ಚುತ್ತಿದ್ದರು. ನನ್ನ ಗಂಡ ಸುರೇಶ ಚಕ್ರಗಳಿಗೆ ಅಡ್ಡ ಕೊಟ್ಟಿದ್ದ ಮರದ ತುಂಡುಗಳನ್ನು ತೆಗೆದು, ಆ ಜಾಗದಲ್ಲಿ ನಿಂಬೆಹಣ್ಣು ಇಟ್ಟ. ಟ್ರೇಲರನ್ನು ಅದನ್ನೆಳೆಯುವ ನಮ್ಮ ಟ್ರಕ್ಕಿಗೆ ಇನ್ನೂ ಜೋಡಿಸಿಲ್ಲ ಎನ್ನುವುದೇ ಅವನಿಗೆ ಮರೆತಿತ್ತು.

ಪಚಕ್ಕೆಂಬ ಸದ್ದಾಯಿತು. ಗಾಡಿ ಅತ್ತೆಯ ಮೇಲೆಯೇ ಬರತೊಡಗಿತು. ನಾನು ಅವರ ಕೈ ಹಿಡಿದು ಪಕ್ಕಕ್ಕೆಳೆದೆ. ಅದು ರಸ್ತೆಯಂಚಿನ ಮರಕ್ಕೆ ಒರಗಿ ನಿಂತಿತು.

"ಅಮ್ಮಾ, ಟ್ರಿಪ್ಪು ಕ್ಯಾನ್ಸಲ್ಲು," ಎಂದ ಸುರೇಶನ ಮುಖ ಬಿಳಿಚಿತ್ತು.

"ಯಾಕ್ಲಾ? ಗಾಡಿಗೇ ಇಷ್ಟು ಆತ್ರ ಇರೋವಾಗ ನಿಂಗೇನ್ಲಾ ಬಂತು? ಸರ್ಯಾಗಿ ಕಟ್ಟು, ಹೊರಡವ!"

ಈಗ ಫ್ರೀವೇ ಮೇಲಿದ್ದೇವೆ. ಬಿಸಿಲೂರಿಗೆ ಇದ್ಯಾಕೆ ಎಂದು ಅತ್ತೆ ಆಗಲೇ ಮಂಕಿ ಕ್ಯಾಪ್ ಕಿತ್ತಿಟ್ಟಿದ್ದಾರೆ. ಬೋರ್ಡು ಕಂಡಾಗಲೆಲ್ಲ "ಬಂತಾ?" ಎನ್ನುತ್ತಾರೆ. ನನಗೂ ಅದೇ ಆತುರ. ಆದರೆ ಆ ಪಚಕ್ ಸದ್ದು ಕಿವಿಯಿಂದ ಹೋಗುತ್ತಿಲ್ಲ.

"ಕೈ ಬಿಡವ್ವ, ಬೆವರ್ತದೆ," ಎಂದು ಅತ್ತೆ ನಗುತ್ತಿದ್ದಾರೆ.

ನಾನು ಒಂದೇ ಕೈಯಲ್ಲಿ ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ.