ಮೂರನೇ ಕಂಬದ ಹತ್ತಿರದ ಮೇಜು

ಜರ್ಮನಿ ಯಾವ ದಿಕ್ಕಿಗಿದೆ ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅಲ್ಲಿ ಬೀರು ಕುಡಿಯುವ ದೊಡ್ಡ ದೊಡ್ಡ ಮನೆಗಳಲ್ಲಿ ಎಷ್ಟು ಕಂಬ, ಯಾವ ಗೋಡೆಗೆ ಜಿಂಕೆಯ ಕೊಂಬು ಬಡಿದಿದ್ದಾರೆ, ಯಾವ ಕಿಟಕಿಗೆ ಬಣ್ಣದ ಗಾಜು ಎಂದು ಕೇಳಿ, ಹೇಳುತ್ತೇನೆ. ಹೋಗಿ ನೋಡಿದ್ದಲ್ಲ. ಚಿನ್ನದ ಗಣಿಯ ಊರು ಉರಿಗಾಮಿನ ಒಂದು ಬಂಗಲೆಯಲ್ಲಿ ಕಸ ಗುಡಿಸುತ್ತಿದ್ದ ಕಾಲದಲ್ಲಿ ಹಳೇ ಪೋಸ್ಟ್ ಕಾರ್ಡುಗಳಲ್ಲಿ ನೋಡಿದ್ದು.

ನಮ್ಮದು ಕಾಮಸಮುದ್ರದ ಪಕ್ಕದ ಹಳ್ಳಿ. ರಾಗಿ, ಕಡಲೆಕಾಯಿ, ನಾಲ್ಕು ಹಸು. ಹದಿನಾರಕ್ಕೆ ನನ್ನನ್ನು ಉರಿಗಾಮಿಗೆ ಕೊಟ್ಟರು. ಗಂಡನಿಗೆ ಗಣಿಯ ಒಳಗೆ ಬಂಡೆ ಕುಸಿಯದ ಹಾಗೆ ಮರದ ಆಸರೆ ನಿಲ್ಲಿಸುವ ಕೆಲಸ. ಕೂಲಿ ಲೈನಿನಲ್ಲಿ ಮನೆ ಎಂದರೆ ಒಂದೇ ಕೋಣೆ, ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಅದರೊಳಗೆ ಗಂಡ, ಅತ್ತೆ, ನಾನು. ಅತ್ತೆಯ ಕಾನೂನು ಒಂದೇ. ಲೈನಿನಿಂದ ಬಂಗಲೆ, ಬಂಗಲೆಯಿಂದ ಲೈನು. ಗಣಿಯ ಸಂಜೆ ಸೈರನ್ನು ಕೂಗಿದಾಗ ನಾನು ಮನೆ ಬಾಗಿಲಲ್ಲಿರಬೇಕು.

ದಾರಿಯ ನಡುವೆ ರೈಲ್ವೆ ಸ್ಟೇಷನ್ನಿತ್ತು. ಬಂಗಾರಪೇಟೆಯ ರೈಲು ದಿನವೂ ನನ್ನ ಕಣ್ಣೆದುರೇ ಹೊರಡುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿದು ಬಸ್ಸು ಹತ್ತಿದರೆ ಅರ್ಧ ದಿನದಲ್ಲಿ ನನ್ನ ಅಮ್ಮನ ಮನೆ. ಆ ಅರ್ಧ ದಿನ ಎರಡು ವರ್ಷ ನನಗೆ ಸಿಗಲಿಲ್ಲ.

ಆಮೇಲೆ ಬಸುರಾದೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂಬುದು ನಮ್ಮವರಲ್ಲಿ ಯಾರೂ ಮೀರದ ಮಾತು. ಏಳನೇ ತಿಂಗಳಿಗೆ ಅಪ್ಪ ಕರೆಯಲು ಬಂದ. ಅತ್ತೆ ಅವನಿಗೆ ಕಾಫಿ ಕೊಟ್ಟು ವಾಪಸ್ಸು ಕಳಿಸಿದಳು.

"ಇವ್ಳು ತವ್ರಿಗೋದ್ರೆ ಬಂಗ್ಲೆ ಕೆಲ್ಸಕ್ಕೆ ಇನ್ನೊಬ್ಳು ಬಂದು ಕೂತ್ಕತ್ತಾಳೆ. ಆಮ್ಯಾಕೆ ಆ ಜಾಗ ಸಿಕ್ತದಾ? ಗಣಿ ಆಸ್ಪತ್ರೆ ಇಲ್ಲೇ ಐತೆ. ಇಲ್ಲೇ ಆಗ್ಲಿ ಬುಡಿ."

ನಾನು ಗಂಡನ ಮುಖ ನೋಡಿದೆ. ಅವನು ತಟ್ಟೆಯಿಂದ ಮುಖ ಎತ್ತದೆ, "ಅಮ್ಮ ಏಳ್ದಂಗೆ ಕೇಳು" ಎಂದ. ದಿನವೂ ಭೂಮಿಯ ಹೊಟ್ಟೆಗೆ ಇಳಿದು ಬರುವ ಗಂಡಸು ಅವನು. ಅಮ್ಮನ ಎದುರು ಒಂದು ಮಾತಾಡಲು ಮಾತ್ರ ಧೈರ್ಯ ಇರಲಿಲ್ಲ.

ಬಂಗಲೆ ಗಣಿಯ ಒಬ್ಬ ಇಂಜಿನಿಯರನದು. ನಾನು ನೋಡಿಕೊಳ್ಳಬೇಕಾಗಿದ್ದದ್ದು ಅವನ ಮುದಿ ತಾಯಿಯನ್ನು. ನಾವೆಲ್ಲ ದೊರೆಸಾನಿ ಎನ್ನುತ್ತಿದ್ದೆವು. ಆಕೆ ಹುಟ್ಟಿದ್ದು ಜರ್ಮನಿಯಲ್ಲಿ, ಮದುವೆಯಾಗಿದ್ದು ಇಂಗ್ಲಿಷರವನನ್ನು. ಕಣ್ಣಿಗೆ ಪೊರೆ ಬಂದು ಬೆಳಕು, ಕತ್ತಲು ಮಾತ್ರ ತಿಳಿಯುತ್ತಿತ್ತು. ಮಂಡಿ ಹಿಡಿದು ಹೋಗಿ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮಡಿಲಲ್ಲಿ ಒಂದು ಮರದ ಪೆಟ್ಟಿಗೆ, ಅದರ ತುಂಬ ಪೋಸ್ಟ್ ಕಾರ್ಡು, ಎಲ್ಲವೂ ಬೀರು ಕುಡಿಯುವ ಮನೆಗಳದ್ದೇ. ಯುದ್ಧದ ಕಾಲದಲ್ಲಿ ಜರ್ಮನಿಯ ಹೆಸರೆತ್ತಿದರೆ ಪೊಲೀಸರು ಬರುತ್ತಾರೆ ಎಂದು ಆ ಕಾರ್ಡುಗಳನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳಂತೆ.

ಪದ್ಧತಿ ಹೀಗಿತ್ತು. ನಾನು ಕಾರ್ಡು ತೆಗೆದು ಆಕೆಯ ಕೈಗೆ ಕೊಡಬೇಕು. ಆಕೆ ಹಿಡಿದುಕೊಳ್ಳುತ್ತಾಳೆ. ನಾನು ಕುರ್ಚಿಯ ಹಿಂದೆ ಬಗ್ಗಿ ನೋಡಿ ಹೇಳಬೇಕು. ಛತ್ರದಷ್ಟು ದೊಡ್ಡ ಮನೆ, ಕಮಾನು ಕಮಾನಾದ ಸೂರು, ಉದ್ದ ಮೇಜು, ಟೊಪ್ಪಿ ತೆಗೆಯದೆ ಕುಡಿಯುವ ಗಂಡಸರು. ಒಬ್ಬ ಹೆಂಗಸು ಒಂದೊಂದು ಕೈಯಲ್ಲಿ ಐದೈದು ದಪ್ಪ ಲೋಟ ಹಿಡಿದು ನಗುತ್ತಾ ಬರುತ್ತಿದ್ದಳು. ಅವಳ ತೋಳು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ತೋಳಿದ್ದವಳಿಗೆ ಯಾವ ಅತ್ತೆ ಏನು ಮಾಡಿಯಾಳು?

ಒಂದು ಕಾರ್ಡು ಮಾತ್ರ ಬೇರೆ ಥರ. ಅದರ ಕಿಟಕಿಗಳಿಗೆ, ದೀಪಗಳಿಗೆ, ಲೋಟದ ಅಂಚಿಗೆ ಹಳದಿ ಮಿಣುಕು ಪುಡಿ ಅಂಟಿಸಿದ್ದರು. ಬಿಸಿಲಿಗೆ ಹಿಡಿದರೆ ಝಗ್ ಎನ್ನುತ್ತಿತ್ತು. ಅದರಲ್ಲಿ ಮೂರನೇ ಕಂಬದ ಹತ್ತಿರ ಒಂದು ಮೇಜು. ಹದಿನೇಳನೇ ವಯಸ್ಸಿನಲ್ಲಿ ದೊರೆಸಾನಿ ಅಲ್ಲೇ ಅಪ್ಪನ ಜೊತೆ ಕೂತು ಮೊದಲ ಸಲ ಬೀರು ಕುಡಿದಳಂತೆ.

"ಮೂರನೇ ಕಂಬ, ಟೇಬಲ್, ಯಾರು ಇದೆ?" ದಿನವೂ ಅದೇ ಪ್ರಶ್ನೆ.

"ಮೀಸೆಯವನೊಬ್ಬ, ಗಡ್ಡದವನೊಬ್ಬ, ಟೊಪ್ಪಿ ಹೆಂಗಸೊಬ್ಬಳು." ದಿನವೂ ಅದೇ ಉತ್ತರ. ಅಚ್ಚು ಹಾಕಿದ ಚಿತ್ರ, ಇನ್ನೇನಿರುತ್ತದೆ? ಒಂದು ದಿನ ಬೇಜಾರಾಗಿ, "ಎದ್ದೋದ್ರಮ್ಮಾ, ಮೇಜು ಖಾಲಿ" ಎಂದೆ. ಆಕೆ ಕುರ್ಚಿಯ ತೋಳಿಗೆ ಹೊಡೆದಳು. "ಸುಳ್ಳು! ಅವರು ಎಲ್ಲಿ ಹೋಗ್ತದೆ? ಐವತ್ತು ವರ್ಷ ಹೋಗಿಲ್ಲ!" ಎಂದು ಬೈದು, ಆಮೇಲೆ ಕೆಮ್ಮುವ ತನಕ ನಕ್ಕಳು.

ಅಪ್ಪ ಬರಿಗೈಯಲ್ಲಿ ವಾಪಸ್ಸು ಹೋದ ಮಾರನೆಯ ದಿನ ನನ್ನ ಬಾಯಿಂದ ಚಿತ್ರದ ಮಾತು ಹೊರಡಲಿಲ್ಲ. ಏನಾಯಿತು ಎಂದು ಆಕೆ ಕೇಳಿದಳು, ಹೇಳಿದೆ.

"ನಿನ್ನ ಅತ್ತೆಗೆ ನಾ ಬರೀತೀನಿ" ಎಂದಳು. "ನೀ ಬರೋತನಕ ನಿನ್ನ ಕೆಲಸ ಯಾರಿಗೂ ಇಲ್ಲ. ನನ್ನ ಮಗನ ಕಾರು ಬಂಗಾರಪೇಟೆತನಕ ಬಿಡ್ತದೆ. ಒಂದು ಹಳೇ ಕಾರ್ಡು ಕೊಡು, ಚೆನ್ನಾಗಿಲ್ಲದ್ದು."

ಬಂಗಲೆಯಿಂದ ಬಂದ ಕಾಗದ ಎಂದರೆ ಲೈನಿನಲ್ಲಿ ಎಲ್ಲರಿಗೂ ಹೆದರಿಕೆ. ನಾನು ಪೆಟ್ಟಿಗೆಯಲ್ಲಿ ಕೈಯಾಡಿಸಿದೆ. ಹಳೇ ಮುದುರಿದ ಕಾರ್ಡು ಬೇಕಾದಷ್ಟಿದ್ದವು. ಬರೀ ಅಕ್ಷರಕ್ಕೆ ಅತ್ತೆ ಬಗ್ಗುತ್ತಾಳೋ ಇಲ್ಲವೋ, ಹೊಳೆಯುವುದಕ್ಕೆ ಬಗ್ಗುತ್ತಾಳೆ ಎಂದು ನನ್ನ ಲೆಕ್ಕಾಚಾರ. ಮಿಣುಕಿನ ಕಾರ್ಡನ್ನೇ ಬೋರಲು ಹಾಕಿ ಕೊಟ್ಟೆ. ಆಕೆಯ ಬೆರಳು ಸಾಲು ತಪ್ಪದಂತೆ ನಾನೇ ಹಿಡಿದುಕೊಂಡೆ. ಕಾರ್ಡಿನ ಹಿಂಬದಿಗೆ ಬರೆದಳು, ಮಿಣುಕಿನ ಬದಿ ಮುಟ್ಟಲಿಲ್ಲ.

ಸಂಜೆ ಅತ್ತೆಯ ಕೈಗೆ ಕೊಟ್ಟು, "ದೊರೆಸಾನಿ ಬರ್ದವ್ಳೆ, ನನ್ನ ಊರಿಗೆ ಕಳ್ಸು ಅಂತ. ಮೇಸ್ತ್ರಿ ಕೈಲಿ ಓದ್ಸು ಅತ್ತೆ" ಎಂದೆ. ಅವಳು ಬರಹದ ಕಡೆ ನೋಡಲೇ ಇಲ್ಲ. ಕಾರ್ಡನ್ನು ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡಿದಳು. ಹೆಬ್ಬೆರಳಿನಿಂದ ಉಜ್ಜಿದಳು. ಬೆರಳಿಗೆ ಹಳದಿ ಅಂಟಿತು.

"ನಾಳೆ ಓದುಸ್ತೀನಿ" ಎಂದಳು. ದನಿ ಸಣ್ಣಗಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಲೈನಿನ ಹಳೇ ಹೆಂಗಸರು ಗಂಡಸರ ಗಣಿ ಬಟ್ಟೆಯನ್ನು ಒಗೆದ ನೀರನ್ನು ಚರಂಡಿಗೆ ಚೆಲ್ಲುತ್ತಿರಲಿಲ್ಲ. ಬಾಂಡಲಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲೆ ಬಗ್ಗಿಸಿ, ಅಡಿಯ ಗಸಿಯನ್ನು ತೂಗಾಡಿಸಿ ಚಿನ್ನದ ಕಣ ಇದೆಯಾ ಎಂದು ನೋಡುತ್ತಿದ್ದರು. ಸಿಕ್ಕಿದ್ದನ್ನು ನಾನು ಕಾಣೆ. ಆದರೂ ಅತ್ತೆ ಮೂವತ್ತು ವರ್ಷ ಬಿಡದೆ ಮಾಡಿದವಳು.

ಮಾರನೆಯ ದಿನ ನಾನು ಬರುವಷ್ಟರಲ್ಲಿ ಕಾರ್ಡು ಬಾಂಡಲಿಯಲ್ಲಿ ನೆನೆದು, ತೆಂಗಿನ ನಾರಿನಿಂದ ಉಜ್ಜಿಸಿಕೊಂಡು, ಅಂಬಲಿಯಾಗಿತ್ತು. ಶಾಯಿ ನೀರಿಗೆ ಬಿಟ್ಟು ನೀಲಿಯಾಗಿತ್ತು.

"ಅತ್ತೆ, ಚೀಟಿ!"

"ಬಾಯ್ಮುಚ್ಲೇ, ಪಕ್ಕದೋರು ಕೇಳುಸ್ಕತ್ತಾರೆ. ನೀರು ಕದಲುಸ್ಬ್ಯಾಡ."

"ಓದ್ಸಿದ್ಯಾ?"

"ಓದ್ಸಿದ್ರೆ ಮೇಸ್ತ್ರಿ ಬಂಗಾರ ನೋಡ್ತಿರ್ಲಿಲ್ವಾ? ಬುದ್ದಿ ಇಲ್ದೋಳು!"

ಅಡಿಯ ಗಸಿಯನ್ನು ಒಣಗಿಸಿ ಸೀಸೆಗೆ ತುಂಬಿ ಸೆರಗಿಗೆ ಕಟ್ಟಿಕೊಂಡು, ಅವಳೇ ರೈಲು ಹತ್ತಿ ಬಂಗಾರಪೇಟೆಗೆ ಹೋದಳು. ನನ್ನನ್ನು ಬಂಗಾರಪೇಟೆಗೆ ಕಳಿಸಬೇಕಾಗಿದ್ದ ಕಾರ್ಡಿನಿಂದ ಬಂಗಾರಪೇಟೆ ನೋಡಿ ಬಂದವಳು ಅವಳು. ಅಕ್ಕಸಾಲಿ ಅದನ್ನು ಅಂಗೈಗೆ ಸುರುವಿಕೊಂಡು ಉಫ್ ಎಂದು ಊದಿದನಂತೆ. "ಗಾಜಿನ ಪುಡಿ, ಅಜ್ಜಿ. ಗಾಳಿಪಟದ ದಾರಕ್ಕೆ ಹಚ್ಚು ಓಗು" ಎಂದನಂತೆ. ಆ ಸಿಟ್ಟೆಲ್ಲ ನನ್ನ ಮೇಲೆ ಬಂತು. "ದೊಡ್ಡೋರ ಮನೇಲಿ ಕೆಲ್ಸ ಮಾಡಿ ಗಾಜಿನ ಪುಡಿ ತಂದ್ಯಲ್ಲೇ! ಎಲ್ಲಿಗೂ ಓಗ್ಬ್ಯಾಡ, ಬಿದ್ದಿರು ಇಲ್ಲೇ."

ಇನ್ನೊಂದು ಚೀಟಿ ಬರೆಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಗೆ ಕೇಳಲಿ? ಮೊದಲನೆಯದು ಏನಾಯಿತು ಎಂದರೆ, ಆಕೆ ಜೀವ ಇಟ್ಟುಕೊಂಡಿದ್ದ ಕಾರ್ಡನ್ನೇ ಕೊಟ್ಟು ಹಾಳು ಮಾಡಿಸಿದೆ ಎನ್ನಬೇಕು. ಕಳ್ಳಿ ಎಂದು ಓಡಿಸಿದರೆ ಕೆಲಸವೂ ಇಲ್ಲ, ತವರೂ ಇಲ್ಲ. ಆಕೆ ಮೂರನೇ ಕಂಬ ಕೇಳಿದಳು. ಬೇರೆ ಯಾವುದೋ ಕಾರ್ಡು ಕೈಗಿಟ್ಟು, "ಮೀಸೆಯವನೊಬ್ಬ, ಗಡ್ಡದವನೊಬ್ಬ, ಟೊಪ್ಪಿ ಹೆಂಗಸೊಬ್ಬಳು" ಎಂದು ಬಾಯಿಪಾಠ ಒಪ್ಪಿಸಿದೆ. ಆಕೆ ಕಾರ್ಡಿನ ಮೇಲೆ ಬೆರಳಾಡಿಸಿ, "ಹೂಂ" ಎಂದಳು. ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಲಿಲ್ಲ. ಕೇಳದಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಹೀಗೇ ಎಂಟು ತುಂಬಿತು. ಒಂಬತ್ತು ತುಂಬಿತು. ಲೈನು, ಸ್ಟೇಷನ್ನು, ಬಂಗಲೆ. ಹೊಟ್ಟೆ ಹೊತ್ತು ರೈಲು ನೋಡುವುದು, ಮುಂದೆ ಹೋಗುವುದು. ಆ ಮೀಸೆಯವನು, ಗಡ್ಡದವನು, ಆ ಹೆಂಗಸು ನೀರಲ್ಲಿ ಕರಗಿ ಹೋಗಿದ್ದರು. ನಾನು ಮಾತ್ರ ಅವರನ್ನು ದಿನವೂ ಅದೇ ಮೇಜಿಗೆ ಕೂರಿಸುತ್ತಿದ್ದೆ.

ಒಂದು ಬೆಳಿಗ್ಗೆ, ಗಡ್ಡದವನ ತನಕ ಬಂದಾಗ ಸೊಂಟದಲ್ಲಿ ನೋವು ಹಿಡಿಯಿತು. ಕುರ್ಚಿಯ ಬೆನ್ನು ಹಿಡಿದು ಕುಸಿದೆ. ಆಕೆ ನನ್ನ ಕೈ ಹುಡುಕಿ ಹಿಡಿದುಕೊಂಡು, ಅದಕ್ಕೆ ಆ ಕಾರ್ಡನ್ನು ಒತ್ತಿದಳು.

"ಇದು ನೈಸ್. ಆ ಕಾರ್ಡು ಮರಳು ಥರ. ನನ್ನ ಕಣ್ಣು ಇಲ್ಲ. ಬೆರಳು ಇದೆ."

"ಯಾವಾಗಿಂದ ಗೊತ್ತಮ್ಮಾ?"

"ಮೊದಲನೇ ದಿನ."

"ಮತ್ತೆ ಇನ್ನೊಂದು ಚೀಟಿ ಯಾಕೆ ಬರೀಲಿಲ್ಲ?"

ಆಕೆ ಕಾರ್ಡನ್ನು ವಾಪಸ್ಸು ಮಡಿಲಿಗೆ ಎಳೆದುಕೊಂಡಳು. "ನೀ ಹೋದ್ರೆ ಮೂರನೇ ಕಂಬ ಯಾರು ನೋಡ್ತದೆ?"

ಬೈಯಲು ನನಗೆ ಉಸಿರಿರಲಿಲ್ಲ. ಆಕೆ ಗಂಟೆ ಬಾರಿಸಿ ಕಾರು ತರಿಸಿದಳು. ಮಾತು ಕೊಟ್ಟಿದ್ದ ಕಾರು. ಬಂಗಲೆಯ ಗೇಟಿನಿಂದ ಎಡಕ್ಕೆ ತಿರುಗಿದರೆ ಬಂಗಾರಪೇಟೆ, ಬಲಕ್ಕೆ ಗಣಿ ಆಸ್ಪತ್ರೆ. ಬಲಕ್ಕೆ ತಿರುಗಿತು.

ಹೆಣ್ಣು ಮಗು. ಮೂರನೇ ದಿನ ಅಮ್ಮ ಬಾಣಂತಿ ಖಾರ ಕಟ್ಟಿಕೊಂಡು ಬಂದಳು. ನಮ್ಮ ಒಂದೇ ಕೋಣೆಯಲ್ಲಿ ಅವಳಿಗೆ ಮಲಗಲು ಜಾಗ ಇರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮೊಮ್ಮಗಳ ಕಿವಿ ತೀಡಿ, ಸಂಜೆ ರೈಲಿಗೆ ಹೊರಟು ಹೋದಳು.

ಮೂರು ತಿಂಗಳಾದ ಮೇಲೆ ಬಂಗಲೆಗೆ ಹೋದೆ. ಜಾಗ ನನಗೇ ಉಳಿದಿತ್ತು. ಅದೊಂದು ಮಾತು ಆಕೆ ಉಳಿಸಿಕೊಂಡಿದ್ದಳು. ಮಗುವನ್ನು ನೆಲದ ಮೇಲೆ ಮಲಗಿಸಿ, ಕಾರ್ಡು ಕೈಗಿಟ್ಟು, ಹಿಂದೆ ನಿಂತೆ.

"ಮೂರನೇ ಕಂಬ, ಟೇಬಲ್, ಯಾರು ಇದೆ?"

"ಯಾರೂ ಇಲ್ಲ ಕಣಮ್ಮಾ. ಎಲ್ಲಾ ಎದ್ದು ಅವರವರ ಮನೆಗೆ ಓದ್ರು."

ಈ ಸಲ ಆಕೆ ಕುರ್ಚಿಗೆ ಹೊಡೆಯಲಿಲ್ಲ. ಸುಳ್ಳು ಎನ್ನಲಿಲ್ಲ. ಕಾರ್ಡನ್ನು ಪೆಟ್ಟಿಗೆಗೆ ಹಾಕಿ, ಇನ್ನೊಂದಕ್ಕೆ ಕೈ ಚಾಚಿದಳು. ಕೊಟ್ಟೆ.